ಒದ್ದೆಬಟ್ಟೆ

ಕೆಲಸ ಮುಗಿಸಿ ಬಂದ ಗಂಡನನ್ನು ಅವಳು ಅಂದೂ ನೇರವಾಗಿ ಒಳಗೆ ಬಿಡಲಿಲ್ಲ. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ. ಹುಬ್ಬಿನ ಮೇಲೂ ಪುಡಿ ಕೂತಿತ್ತು.

"ರೀ, ಅಲ್ಲೇ ನಿಂತ್ಕೊಳ್ಳಿ. ಈಗಷ್ಟೇ ನೆಲ ಒರೆಸಿದೀನಿ."

"ಮಳೆ ಬಂದ್ರೆ ಗಂಜಿ ಆಗ್ಬಿಡ್ತೀನಿ ಕಣೆ, ಬೇಗ ಬಿಡು."

"ಆಗಿ. ನಿಮ್ಮ ಅಂಗಿ ಕಾಲರಿಗೇ ಹಾಕ್ತೀನಿ."

ಅವನ ಕೆಲಸ ಗ್ಲೂಕೋಸ್ ಪಾಕದ ಕಾರ್ಖಾನೆಯಲ್ಲಿ. ಅಲ್ಲಿ ಮೆಕ್ಕೆಜೋಳ ನೆನೆಸಿ, ಅರೆದು, ಸ್ಟಾರ್ಚ್, ಅಂದರೆ ಗಂಜಿಹಿಟ್ಟು ತೆಗೆಯುತ್ತಿದ್ದರು. ಅದರಲ್ಲಿ ಅರ್ಧ ಭಾಗ, ಬೇಯಿಸುವ ಹಂಡೆಗೆ ಹೋಗಿ, ಬಿಸ್ಕತ್ತು ಮಾಡುವವರಿಗೆ ಬೇಕಾದ ಸಿಹಿ ಪಾಕವಾಗುತ್ತಿತ್ತು. ಉಳಿದರ್ಧ ಒಣಗಿಸುವ ಷೆಡ್ಡಿಗೆ. ಒಣಗಿದ ಪುಡಿ ತೊಲೆ, ಪೈಪು, ಕಿಟಕಿ, ಎಲ್ಲದರ ಮೇಲೂ ಕೂರುತ್ತಿತ್ತು. ಕೂತಿದ್ದರೆ ಬರೀ ಹಿಟ್ಟು. ಗಾಳಿಯಲ್ಲಿ ಎದ್ದರೆ ಯಂತ್ರದ ಒಂದು ಕಿಡಿಗೆ ಷೆಡ್ಡೇ ಸಿಡಿಯುತ್ತದೆ. ಅದಕ್ಕೇ ಯಂತ್ರ ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅವನು ಏಣಿ ಹತ್ತಿ ತೊಲೆ ತೊಲೆ ಒರೆಸುತ್ತಿದ್ದ. ಜೊತೆಯವರು ಅವನಿಗೆ 'ಒದ್ದೆಬಟ್ಟೆ' ಎಂದೇ ಹೆಸರಿಟ್ಟಿದ್ದರು. ಮನೆಯಲ್ಲೂ ಆ ಚಟ ಬಿಡಲಿಲ್ಲ. ಬೆಳಿಗ್ಗೆ ಎದ್ದವನೇ ಒಲೆ ಮೇಲಿನ ಶೆಲ್ಫ್ ಒರೆಸುತ್ತಿದ್ದ.

ಅಂದು ಊಟಕ್ಕೆ ಕೂತಾಗ ಹೇಳಿದ: "ನಾಳೆ ಪಾಕ ಕೊಳ್ಳೋ ಕಂಪನಿಯೋರು ನೋಡೋಕೆ ಬರ್ತಾರಂತೆ. ಯಂತ್ರ ನಿಲ್ಲಿಸ್ಬೇಡಿ, ಗಾಳಿ ಪೈಪ್ ಹಿಡಿದು ತೊಲೆ ಊದಿಬಿಡಿ ಅಂದ ಸೂಪರ್‌ವೈಸರ್. ನಾನು ಆಗಲ್ಲ ಅಂದೆ."

"ಬೈದ್ರಾ?"

"ಬೈದ. ಬೈಗುಳ ಏನು ಸ್ಟಾರ್ಚಾ, ಮೈಗೆ ಅಂಟ್ಕೊಳ್ಳೋಕೆ?"

ಮಾರನೇ ದಿನ ಷೆಡ್ಡು ಸಿಡಿಯಿತು. ಅವನು ಉಳಿಯಲಿಲ್ಲ.

ಮೈದುನನೂ ಅದೇ ಷೆಡ್ಡಿನವನು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳ ಕಾಲು ಹಿಡಿದುಕೊಂಡ. "ಅತ್ತಿಗೆ, ಪೈಪ್ ನನ್ನ ಕೈಲಿತ್ತು. ಸೂಪರ್‌ವೈಸರ್ ಊದು ಅಂದ್ರು, ಊದಿದೆ. ಅಣ್ಣ ಬೇಡ್ವೋ ಅಂತ ಓಡಿ ಬಂದು ನನ್ನ ಹೊರಗೆ ನೂಕಿದ."

ಆಗ ಅವಳು ಅವನ ತಲೆ ಸವರಿದಳು. ಆ ಕೈಯನ್ನು ಈಗಲೂ ಬೈದುಕೊಳ್ಳುತ್ತಾಳೆ.

ತನಿಖೆಯ ಸಾಹೇಬರು ಬರುವ ಮುಂಚೆ ಸೂಪರ್‌ವೈಸರ್ ಮನೆಗೆ ಬಂದ. ಮೈದುನನೇ ಕರೆತಂದಿದ್ದ.

"ನೋಡಮ್ಮ, ನಿನ್ನ ಗಂಡ ಬೀಡಿ ಸೇದ್ತಿದ್ದ, ಅಷ್ಟು ಹೇಳು ಸಾಕು. ಸತ್ತೋನಿಗೆ ಏನಾಗ್ಬೇಕು? ಬದುಕಿರೋನ ಕೆಲಸ ಉಳಿಯುತ್ತೆ."

"ಅವರು ಬಾಯಲ್ಲಿ ಲವಂಗ ಬಿಟ್ರೆ ಏನೂ ಇಟ್ಕೊಂಡೋರಲ್ಲ. ಅದು ಅವರ ಕುರ್ಚಿ. ಏಳಿ."

ಸಾಹೇಬರ ಮುಂದೆ ಅವಳು ಪೈಪಿನ ಸಂಗತಿ ಹೇಳಿದಳು. ಅವರು ಮೈದುನನ ಮುಖ ನೋಡಿದರು.

"ಅಣ್ಣ ಬೀಡಿ ಸೇದ್ತಿದ್ದ ಸಾರ್. ಅತ್ತಿಗೆ ಪಾಪ, ದುಃಖದಲ್ಲಿ ಏನೇನೋ ಅಂತಾರೆ."

ಅಲ್ಲಿಗೆ ಮುಗಿಯಿತು. ಸುಟ್ಟುಹೋದವನೇ ಬೆಂಕಿ ಹಚ್ಚಿದವನಾದ. ಊದಿದವನು ಈಗ ಇನ್ನೊಂದು ಷೆಡ್ಡಿನಲ್ಲಿ ಮೇಸ್ತ್ರಿಯಾಗಿ ನಾಲ್ಕು ಜನರ ಮೇಲೆ ಕೂಗಾಡುತ್ತಾನೆ.

ಅವಳದೂ ಮೈದುನನದೂ ಮನೆ ಒಂದೇ. ಅವಳು ಬಡಗಿಯನ್ನು ಕರೆಸಿ ಅಡುಗೆಮನೆಯ ನಡುವೆ ಹಲಗೆ ಗೋಡೆ ಹೊಡೆಸಿದಳು. ಒಲೆ ಮೇಲಿನ ಶೆಲ್ಫ್ ಮಾತ್ರ ಉದ್ದ. ಗೋಡೆ ದಾಟಿ ಆ ಕಡೆಗೂ ಚಾಚಿಕೊಂಡಿದೆ. ಮೈದುನ ಒಂದು ಸಲ ಆ ಕಡೆಯಿಂದ ಮಾತು ತೆಗೆದ.

"ಅತ್ತಿಗೆ, ಇಲ್ಲೂ ದೂಳು ಕೂತಿದೆ. ಹೇಗೂ ಒರೆಸ್ತೀರಲ್ಲ, ಒಂದು ಕೈ ಈ ಕಡೆನೂ..."

"ಗಾಳಿ ಪೈಪ್ ತಂದು ಊದ್ಕೊ."

ಆ ಕಡೆ ಲೋಟ ಕೆಳಗಿಟ್ಟ ಸದ್ದಾಯಿತು. ಅವನು ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ಎದ್ದು, ಒಲೆ ಹಚ್ಚುವ ಮುಂಚೆ, ಅವಳು ಗಂಡನ ಹಳೇ ಅಂಗಿಯ ತುಂಡನ್ನು ನೀರಿಗೆ ಅದ್ದಿ ಹಿಂಡುತ್ತಾಳೆ. ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಶೆಲ್ಫ್ ಒರೆಸುತ್ತಾಳೆ. ಹಲಗೆ ಗೋಡೆ ಸಿಕ್ಕಿದಲ್ಲಿ ಕೈ ನಿಲ್ಲಿಸುತ್ತಾಳೆ.