ಲತೀಫ್ ಸಾಹೇಬರ ದುಬಾರಿ ಸಿಮೆಂಟು

ಶಿವಾಜಿನಗರದಲ್ಲಿ ಸಿಮೆಂಟು ಮಾರುವವನ ಮಾತನ್ನು ಯಾರೂ ಹಾಗೇ ನಂಬುವುದಿಲ್ಲ. ನಿನ್ನ ಮನೆಗೆ ಯಾವುದು ಹಾಕಿದ್ದೀಯ ಎಂದು ಕೇಳುತ್ತಾರೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಂಗಡಿ ಇಟ್ಟು ತಲೆ ನರೆಸಿಕೊಂಡ ಲತೀಫ್ ಸಾಹೇಬರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಎಡವಿದರು.

ಆ ಬೇಸಿಗೆಯಲ್ಲಿ ಒಂದು ಕಂಪನಿಯವರು ಹೊಸ ಸಿಮೆಂಟು ತಂದರು. ಸಿಮೆಂಟಿಗೆಂದು ಸುಣ್ಣದಕಲ್ಲು ಸುಡುವಾಗ ಉರಿಯಿಂದಷ್ಟೇ ಅಲ್ಲ, ಕಲ್ಲಿನೊಳಗಿಂದಲೂ ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಹೊರಡುತ್ತದಂತೆ. ಉರುವಲು ಬದಲಿಸಿದರೂ ಅದು ತಪ್ಪದು. ಅದಕ್ಕೇ ಚಿಮಣಿಯಲ್ಲೇ ಹಿಡಿದು ನೆಲದಾಳಕ್ಕೆ ಇಳಿಸುತ್ತಾರಂತೆ. ಹಿಡಿಯುವ ಯಂತ್ರ, ಅದು ನುಂಗುವ ಕರೆಂಟು ಎಲ್ಲ ಸೇರಿ ಮೂಟೆಯ ಬೆಲೆ ಒಂದೂವರೆ ಪಟ್ಟು. ಮೂಟೆಗೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಇಡೀ ಮನೆಯ ಖರ್ಚಿನಲ್ಲಿ ನೋಡಿದರೆ ಆ ಹೆಚ್ಚಳ, ಗಂಡಹೆಂಡಿರು ಹಟ ಹಿಡಿದು ಆರಿಸುವ ಟೈಲ್ಸಿನಷ್ಟೂ ಆಗದು. ಈ ಲೆಕ್ಕ ಸಾಹೇಬರಿಗೆ ಹಿಡಿಸಿತು. ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಷರತ್ತಿಗೂ ಒಪ್ಪಿ ಒಂದು ಲಾರಿ ಇಳಿಸಿಕೊಂಡರು.

ಕೇಳಿದವರೆಲ್ಲ ಭೇಷ್ ಎಂದರು, ಹಳೆಯದನ್ನೇ ಒಯ್ದರು. ಭೇಷ್ ಎನ್ನಲು ಯಾರಪ್ಪನ ಗಂಟು ಹೋಗಬೇಕು? ಮಳೆಗಾಲ ಹತ್ತಿರವಾಯಿತು. ಗೋಡೌನಿನಲ್ಲಿ ತೇವ ಹಿಡಿದರೆ ಮೂಟೆಗಳೆಲ್ಲ ಕಲ್ಲು. ಸಾಹೇಬರಿಗೆ ಅನ್ನ ಸೇರದಾಯಿತು.

ಉಳಿದಿದ್ದ ಆಸೆ ದುರ್ಗೇಶ ಮೇಸ್ತ್ರಿ. ಸೇಡಂ ಕಡೆಯವನು, ಕಮ್ಮನಹಳ್ಳಿಯಲ್ಲಿ ಬಾಡಿಗೆ ರೂಮು, ಕೈಯಲ್ಲಿ ಮೂರು ನಾಲ್ಕು ಮನೆಗಳ ಕೆಲಸ. ಅವನು ಒಪ್ಪಿದರೆ ಲೋಡು ಖಾಲಿ. ಸಾಹೇಬರು ಚಹಾ ಕುಡಿಸಿ ಎಲ್ಲ ಬಿಡಿಸಿ ಹೇಳಿದರು. ಅವನು ಸಮಾಧಾನವಾಗಿ ಕೇಳಿಸಿಕೊಂಡ.

"ಛಲೋ ಅದರೀ ಸಾಹೇಬ್ರ. ನಿಮ್ಮ ಮನಿಗಿ ಇದೇ ಹಾಕೀರೇನು?"

ಅಯ್ಯೋ ಪುಣ್ಯಾತ್ಮ! ಫ್ರೇಜರ್ ಟೌನಿನಲ್ಲಿ ಮಗಳು ನಾಜಿಶ್‌ಗೆಂದು ಸಾಹೇಬರು ತಮ್ಮ ಮನೆಯ ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದರು. ಅಲ್ಲಿ ಇಳಿದಿದ್ದದ್ದು ಅಗ್ಗದ ಹಳೆಯ ಸಿಮೆಂಟು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಸುಳ್ಳು ಹೇಳಿದ್ದರೆ ನಡೆಯುತ್ತಿತ್ತೇನೋ. ಹೇಳಲಿಲ್ಲ. ಇಲ್ಲಪ್ಪ, ಹಳೆಯದೇ ಎಂದು ಒಪ್ಪಿಕೊಂಡರು. ದುರ್ಗೇಶ ಲೋಟ ಇಟ್ಟು ಎದ್ದು ಹೋದ.

ಮರುದಿನವೇ ಸಾಹೇಬರು ಹಳೆಯ ಮೂಟೆಗಳನ್ನು ಅಂಗಡಿಗೆ ತರಿಸಿ, ದುಬಾರಿ ಲೋಡನ್ನೆಲ್ಲ ಮಗಳ ಮನೆಗೆ ಸಾಗಿಸಿದರು. ಕಂಬಕ್ಕೆ ಅದೇ, ಗೋಡೆಗೆ ಅದೇ, ತಾರಸಿಯ ಮೋಲ್ಡಿಗೂ ಅದೇ. ಮೋಲ್ಡ್ ಹಾಕಿದ ದಿನ ಕೆಲಸಗಾರರಿಗೆ ಮನೆಯವರು ಊಟ ಹಾಕುವುದು ವಾಡಿಕೆ. ಮಿಕ್ಸರ್ ಯಂತ್ರ ಬಾಡಿಗೆಗೆ ಕೊಟ್ಟಿದ್ದ ದುರ್ಗೇಶನೂ ಬಂದ. ಖಾಲಿ ಚೀಲಗಳನ್ನು ತಿರುವಿ ನೋಡಿ, ಪಂಕ್ತಿಯಲ್ಲಿ ಕೂತ.

"ಇನ್ನ ನನಗೂ ಇದೇ ಕಳಸ್ರಿ. ಎಲ್ಲಾ ಮನಿಗಿ."

ಸಾಹೇಬರ ಕಣ್ಣು ತುಂಬಿತು. ಬಿರಿಯಾನಿಯ ಡಬರಿ ಪಕ್ಕಕ್ಕಿಟ್ಟು ಅಲ್ಲೇ ಕಂಪನಿಗೆ ಫೋನು ಹಚ್ಚಿದರು.

"ಸಾರಿ ಸರ್, ಅದು ನಿಂತೋಯ್ತು," ಎಂದ ಆ ಕಡೆಯವನು. "ಯಾವ ಡೀಲರೂ ಎರಡನೇ ಲೋಡ್ ಕೇಳ್ಲೇ ಇಲ್ಲ. ನೀವೂ ಕೇಳ್ಲಿಲ್ವಲ್ಲ."

ಸಾಹೇಬರು ಫೋನು ಜೇಬಿಗಿಳಿಸಿ, ದುರ್ಗೇಶನ ಎಲೆಗೆ ಇನ್ನೊಂದು ಸೌಟು ಬಡಿಸಿದರು.

"ಹಳೇದೇ ಕಳಿಸ್ತೀನಿ, ಬಿಡಪ್ಪ," ಎಂದರು.