ನಿಂತ ಹಡಗಿನ ಅಲೆ

ನಮ್ಮ ಬಂದರಿನಲ್ಲಿ ಸರಪಳಿ ಬಿಗಿದು ನಿಲ್ಲಿಸಿರುವ ಹಳೆಯ ಯುದ್ಧನೌಕೆ ಈಗ ವಸ್ತುಸಂಗ್ರಹಾಲಯ. ಅದರ ಮೈಮೇಲಿನ ತುಕ್ಕು, ಹಳೇ ಬಣ್ಣ ಕೆರೆದು ತೆಗೆಯುವುದು ಪದರ ಮಾವನ ಕೆಲಸ. ಒಂದು ತುದಿಯಿಂದ ಕೆರೆಯುತ್ತ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿ ಮತ್ತೆ ತುಕ್ಕು ಹಿಡಿದಿರುತ್ತದೆ. ಹಾಗಾಗಿ ಇಪ್ಪತ್ತಾರು ವರ್ಷದಿಂದ ನೌಕರಿಗೆ ಕುಂದಿಲ್ಲ. ಉದುರಿದ ಚಕ್ಕೆಯನ್ನು ಅಡ್ಡ ಹಿಡಿದು, "ಇದು ಯುದ್ಧಕ್ಕೆ ಮುಂಚಿನ ಬೂದು, ಇದು ಆಮೇಲಿನ ನೀಲಿ" ಎಂದು ಓದಿ ಹೇಳುವುದರಿಂದ ಆ ಹೆಸರು.

ಈ ವರ್ಷ ಹಡಗಿನ ಮೂತಿಯ ಹತ್ತಿರ, ಹಿಂದೆಂದೂ ಅಷ್ಟು ಆಳಕ್ಕೆ ಕೆರೆಯದಿದ್ದ ಕಡೆ, ಹನ್ನೊಂದನೆಯ ಪದರದಲ್ಲಿ, ಬಿಳಿ ಬಣ್ಣ ಸಿಕ್ಕಿತು. ಸುರುಳಿ ಸುರುಳಿಯಾಗಿ ಹಿಂದಕ್ಕೆ ಹರಿದಿತ್ತು.

"ಯಾರೋ ಡಬ್ಬ ಚೆಲ್ಲಿದಾರೆ," ಎಂದರು ಸಂಗ್ರಹಾಲಯದ ಅಧಿಕಾರಿ. ದೋಣಿಯಲ್ಲಿ ಕೂತರೂ ತಲೆ ಸುತ್ತುವ ಮನುಷ್ಯ; ಆದರೆ ಬಿಳಿ ಟೋಪಿ ಮಾತ್ರ ಇಳಿಸುವವರಲ್ಲ. "ಶುಕ್ರವಾರದೊಳಗೆ ಎಲ್ಲಾ ಕೆರೆದು ಬೂದು ಬಳಿ."

"ಚೆಲ್ಲಿದ ಬಣ್ಣ ಕೆಳಗಿಳಿಯುತ್ತೆ ಸಾರ್. ಇದು ಅಡ್ಡಡ್ಡ ಹೋಗಿದೆ."

"ನನಗೇ ಪಾಠ ಹೇಳ್ತೀಯಾ?"

ಮಾವನಿಗೆ ಊಟ ಸೇರಲಿಲ್ಲ. ಹಿಂದೊಮ್ಮೆ ಹಡಗು ನೋಡಲು ಬಂದ ಮುದಿ ತೋಪುಗಾರನೊಬ್ಬ ಹೇಳಿದ್ದ: ದೊಡ್ಡ ತೋಪಿನ ಗುಂಡು ಹತ್ತು ಮೈಲಿ ಹಾರಲು ಅರ್ಧ ನಿಮಿಷ ಬೇಕು; ಎದುರಿನ ಹಡಗು ಈಗ ಇರುವ ಕಡೆಗಲ್ಲ, ಅರ್ಧ ನಿಮಿಷದ ಮೇಲೆ ಅದು ಇರಬಹುದಾದ ಕಡೆಗೆ ಹೊಡೆಯಬೇಕು. ಮೂತಿಯ ಮುಂದೆ ಏಳುವ ನೊರೆ ನೋಡಿ ವೇಗ ಅಂದಾಜು ಮಾಡುವುದು. ಹಾಗಾದರೆ ನೊರೆಯನ್ನೇ ಬಣ್ಣದಲ್ಲಿ ಬರೆದುಬಿಟ್ಟರೆ? ಸುಳ್ಳು ವೇಗ ನಂಬಿದ ಶತ್ರುವಿನ ಗುಂಡು ಮುಂದೆಲ್ಲೋ ನೀರಿಗೆ! ಮಾವನಿಗೆ ಅನುಮಾನವೇ ಇರಲಿಲ್ಲ. ಆದರೆ ಪುರಾವೆಗೆ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

"ನಮ್ಮ ಅಡುಗೆಮನೆ ಕಿಟಕಿ ಬಣ್ಣ ಎದ್ದು ಎಷ್ಟು ದಿನ ಆಯ್ತು? ಅದರ ಪದರ ಯಾವಾಗ ಎಣಿಸ್ತೀರಿ?" ಎಂದಳು ಹೆಂಡತಿ.

"ಅದರ ಅಡಿ ಯುದ್ಧ ಇಲ್ಲ ಕಣೆ."

"ಪಕ್ಕದಲ್ಲಿ ನಾನಿದೀನಲ್ಲ, ಶುರುವಾಗುತ್ತೆ."

ಬುಧವಾರದವರೆಗೂ ಮಾವ ಅಲೆಯ ಮೇಲಿನ ಹತ್ತು ಪದರಗಳನ್ನು ಮಾತ್ರ, ಗಾಯದ ಪಟ್ಟಿ ಬಿಚ್ಚುವ ಹಾಗೆ, ಮೂತಿಯ ಎರಡೂ ಬದಿ ಎಬ್ಬಿಸಿದ. ಗುರುವಾರ ಬೆಳಗ್ಗೆ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತ. "ದೂರದಿಂದ ನೋಡಿ ಎಲ್ಲಿ ಹುಳುಕಿದೆ ಅಂತ ತಾವೇ ಹೇಳ್ಬೇಕು ಸಾರ್. ನಮ್ಮ ಕಣ್ಣಿಗೆ ಅಷ್ಟೆಲ್ಲ ಎಲ್ಲಿ ತಿಳಿಯುತ್ತೆ!"

ಅಧಿಕಾರಿ ಉಬ್ಬಿ ದೋಣಿ ಹತ್ತಿದರು. ಹಿಂದೆಯೇ ಮಾವನೂ ಹತ್ತಿದ. ಮಂಜು ಕವಿದಿತ್ತು. ಸಾಕಷ್ಟು ದೂರ ಹೋದ ಮೇಲೆ ದೋಣಿಯವನು ಹಡಗಿನ ಕಡೆ ತಿರುಗಿಸಿದ. ಮಂಜು ಸರಿಯಿತು. ಬೂದು ಮೂತಿ, ಅದರ ಎರಡೂ ಕಡೆ ಸೀಳಿಕೊಂಡು ಏಳುವ ಬಿಳಿ ನೊರೆ.

"ಏಯ್, ಹಡಗು ಬಿಟ್ಟಿದೆ! ನಮ್ಮ ಮೇಲೇ ಬರ್ತಿದೆ! ತಿರುಗಿಸೋ!" ಅಧಿಕಾರಿ ಎದ್ದು ನಿಂತು ಕೂಗಿದರು.

"ಸರಪಳಿ ಹಾಕಿದೆ ಸಾರ್," ಎಂದ ಮಾವ. "ಎಂಜಿನ್ ಕಿತ್ತು ಮಾರಿ ಮೂವತ್ತು ವರ್ಷ ಆಯ್ತು."

ಅಧಿಕಾರಿ ಕೂತರು. ಟೋಪಿ ತೆಗೆದು ಬೆವರು ಒರೆಸಿಕೊಂಡರು.

"ಎಷ್ಟು ವೇಗ ಅನ್ನಿಸ್ತು ಸಾರ್?"

"ಗಂಟೆಗೆ... ಇಪ್ಪತ್ತು ಮೈಲಿ ಇರಬಹುದು."

"ಹಾಗಾದ್ರೆ ತಮ್ಮ ಗುಂಡು ನೀರಿಗೆ ಬಿತ್ತು ಸಾರ್."

ದೋಣಿಯವನು ನಗು ತಡೆಯಲು ಮುಖ ತಿರುಗಿಸಿದ. ಅಧಿಕಾರಿ ಬಹಳ ಹೊತ್ತು ಆ ನೊರೆಯನ್ನೇ ನೋಡಿದರು.

"ಅದಕ್ಕೆ ಉಳಿ ತಾಗಿಸಿದರೆ ನಿನ್ನ ಗತಿ ನೋಡು," ಎಂದು ಮಾವನಿಗೆ ಗದರಿಸಿ, ದೋಣಿಯವನ ಕಡೆ ತಿರುಗಿ ದನಿ ತಗ್ಗಿಸಿದರು. "ಇನ್ನೊಂದ್ಸಲ ದೂರ ಹೋಗಪ್ಪ. ಈ ಸಲ ಪಕ್ಕದಿಂದ ಹೇಗೆ ಕಾಣುತ್ತೆ, ನೋಡೋಣ."