ಕಡಲೆಕಾಯಿಯ ಕೊಸರು ಯಾವ ಲೆಕ್ಕಕ್ಕೆ?

ಮೊಮ್ಮಕ್ಕಳೇ, ಸಿಂಧೂ, ಮನೂ, ಕೇಳಿ. ನಾನು ನಂಜನಗೂಡಿಗೆ ಬಂದ ಹೊಸದರಲ್ಲಿ ಅಂಗಡಿಯವನೊಬ್ಬ ತಕ್ಕಡಿಯೊಳಗಿದ್ದ ಹುಣಸೆಹಣ್ಣಿನಿಂದ ಒಂದು ಎಸಳು ಕಿತ್ತು ಮತ್ತೆ ಡಬ್ಬಕ್ಕೆ ಹಾಕಿಕೊಂಡ. ಮುಳ್ಳು ನೇರವಾಯಿತು, ಪೊಟ್ಟಣ ಕಟ್ಟಿದ. ನಾನು ಬೆಪ್ಪಾಗಿ ನಿಂತೆ. ಬನ್ನೂರಿನ ಮಗ್ಗುಲ ನಮ್ಮ ಹಳ್ಳಿಯಲ್ಲಿ ಏನೇ ಅಳೆದರೂ ಮೇಲೊಂದು ಹಿಡಿ ಕೊಸರು ಬೀಳಲೇಬೇಕು. ಕೊಸರಿಲ್ಲದೆ ಕೊಟ್ಟರೆ ಕೊಟ್ಟ ಹಾಗೇ ಅಲ್ಲ. ಇಲ್ಲಿ ಹಾಕಿದ್ದನ್ನೂ ಕಿತ್ತುಕೊಳ್ಳುತ್ತಾರಲ್ಲ, ಇಂಥ ಕಡೆ ಬಾಳುವುದು ಹೇಗಪ್ಪ ಎಂದುಕೊಂಡು ಮನೆಗೆ ಬಂದೆ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ತಾತ ಹೋದ ಮೇಲೆ ನಿಮ್ಮಮ್ಮ ನನ್ನನ್ನು ಕರೆತಂದಿದ್ದಳು. ಮಗಳ ಮನೆಯಲ್ಲಿ ಇರುವುದೆಂದರೆ ನನಗೆ ಮೈ ಹಿಡಿಯಾಗುವಷ್ಟು ಸಂಕೋಚ. ಮಹಡಿ ಮೇಲಿನ ಬಾಡಿಗೆ ಮನೆ. ಊರಿನಲ್ಲಿ ನಾಲೆಗೆ ಬಟ್ಟೆ ಒಗೆಯಲು ಹೋದರೆ ನಾಲ್ಕು ಮನೆಯ ಸುದ್ದಿಯನ್ನೂ ಒಗೆದು ಹಿಂಡಿ ಬರುತ್ತಿದ್ದೆವು. ಇಲ್ಲಿ ಬಚ್ಚಲಲ್ಲಿ ನಲ್ಲಿ ಉಂಟು, ಮಾತಿಲ್ಲ. ಅಲ್ಲಿ ಬಾಗಿಲು ತೆರೆದೇ ಇರುತ್ತಿತ್ತು. ಇಲ್ಲಿ ಬೆಲ್ ಹೊಡೆದರೆ ನಾನು ಅಡುಗೆಮನೆಗೆ ಓಡುತ್ತಿದ್ದೆ. ಊರ ಶಾಲೆಯಲ್ಲಿ ಓದಲು ಬರೆಯಲು ಕಲಿತಿದ್ದೆ, ಆದರೆ ಹೊಸಬರ ಮುಂದೆ ನಾಲಿಗೆ ಏಳುತ್ತಿರಲಿಲ್ಲ. ಬೋರ್ಡು ಓದಿಕೊಂಡು ಒಬ್ಬಳೇ ಬಸ್ಸು ಹತ್ತಿ ತಾಂಡವಪುರದ ನೆಂಟರ ಮನೆಗೆ ಹೋಗಿ ಬಂದ ದಿನವಂತೂ ಪಾಯಸ ಮಾಡಿಕೊಂಡು ಉಂಡೆ.

ನಿಮ್ಮಮ್ಮ ಆಗ ಕಾಲೇಜಿನಲ್ಲಿ ಕಾಮರ್ಸ್ ಮೇಡಂ. ಲೆಕ್ಕಶಾಸ್ತ್ರವನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದೇ ಅವಳ ಸಂಶೋಧನೆ. ಹಳ್ಳಿಯಿಂದ ಬರುವ ಹುಡುಗಿಯರು ಡೆಬಿಟ್ಟು, ಕ್ರೆಡಿಟ್ಟು ಎಂದು ಬಾಯಿಪಾಠ ಒಪ್ಪಿಸುತ್ತಿದ್ದರು, ಯಾಕೆ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಅವರೇ ವ್ಯಾಪಾರ ನಡೆಸಿ ಅವರೇ ಲೆಕ್ಕ ಬರೆದರೆ ಬಾಯಿ ಬಿಟ್ಟಾರು ಎಂದು ಇವಳ ನಂಬಿಕೆ. ಅದಕ್ಕಾಗಿ ಕಾಲೇಜಿನ ಅಂಗಳದಲ್ಲಿ ಬೇಯಿಸಿದ ಕಡಲೆಕಾಯಿಯ ಅಂಗಡಿ ಇಡಿಸಿದಳು. ಬೇಯಿಸುವುದು ನನ್ನ ಪಾಲಿಗೆ ಬಂತು.

ಅವಳಿಗೊಬ್ಬರು ಗೈಡ್ ಇದ್ದರು. ಅರಮನೆ ತೋರಿಸುವವರೇನೋ ಎಂದುಕೊಂಡಿದ್ದೆ. ಸಂಶೋಧನೆಗೆ ದಾರಿ ತೋರಿಸುವ ಮೈಸೂರಿನ ಪ್ರೊಫೆಸರು ಅವರು. “ಹುಡುಗಿಯರು ಅವರ ಲೆಕ್ಕವನ್ನ ಅವರ ಮಾತಲ್ಲೇ ಬಿಡಿಸಿ ಹೇಳ್ಬೇಕು. ಇಲ್ದಿದ್ರೆ ಇದು ಸಂಶೋಧನೆ ಅಲ್ಲಮ್ಮ, ಕಡಲೆಕಾಯಿ ವ್ಯಾಪಾರ” ಎಂದು ಹೇಳಿ, ತರಗತಿಗೆ ಬಂದು ನೋಡುವುದಾಗಿ ತಿಳಿಸಿದ್ದರು. ಅವರು ಒಪ್ಪದಿದ್ದರೆ ನಿಮ್ಮಮ್ಮನ ವರ್ಷಗಟ್ಟಲೆ ದುಡಿಮೆ ನೀರುಪಾಲು.

ಅವರು ಬರುವ ಹಿಂದಿನ ದಿನ ಅಂಗಡಿಯಲ್ಲಿ ನೂಕುನುಗ್ಗಲು. ಚಿಕ್ಕಯ್ಯನಛತ್ರದ ಕಡೆಯ ಮಂಗಳ ಎಂಬ ಹುಡುಗಿ ಅಳೆಯುವ ಪಾವನ್ನು ನನ್ನ ಕೈಗೆ ತುರುಕಿದಳು. “ಅಜ್ಜೀ, ನೀವೇ ಅಳೀರಿ, ನಾನು ಬರ್ಕೊತೀನಿ.” ತಲೆ ಎತ್ತದೆ ಅಳೆದು ಅಳೆದು ಹಾಕಿದೆ. ಸಂಜೆ ನೋಡಿದರೆ ಲೆಕ್ಕ ತಾಳೆಯಾಗಲೇ ಇಲ್ಲ. ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ಕಾಯಿ ಖಾಲಿ.

“ಅವ್ವಾ, ಕೊಸರು ಹಾಕಿದ್ಯಾ?” ಎಂದಳು ನಿಮ್ಮಮ್ಮ.

“ಆಕ್ದೆ ಇರಕಾದದಾ? ಮಕ್ಳು ಕರ್ಚೀಪು ಒಡ್ಕೊಂಡು ನಿಂತವೆ. ಬರೀ ಪಾವು ಸುರುವಿ ಕಳ್ಸಕೆ ನಾಚ್ಕೆ ಆಗಾಕಿಲ್ವೇನೇ?”

ಅವಳು ತಲೆ ಹಿಡಿದುಕೊಂಡು ಕುಳಿತಳು, ಆಮೇಲೆ ನಕ್ಕುಬಿಟ್ಟಳು. “ಮೇಡಂ, ತಿದ್ದಿ ಸರಿ ಮಾಡ್ಬುಡ್ಲಾ?” ಎಂದು ಮಂಗಳ ಕೇಳಿದ್ದಕ್ಕೆ, “ಬೇಡ. ಏನು ನಡೀತೋ ಅದೇ ಇರ್ಲಿ” ಎಂದಳು.

ಮಾರನೆಯ ದಿನ ನಾನು ಗೈಡ್ ಸಾಹೇಬರಿಗೆಂದು ಕಡಲೆಕಾಯಿ ಪಾತ್ರೆ ಹೊತ್ತುಕೊಂಡು ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಅವರು ಹುಡುಗಿಯರ ಲೆಕ್ಕದ ಪುಸ್ತಕ ನೋಡಿ ಕೇಳಿದರು: “ಉಳಿದ ಕಾಯಿ ಎಲ್ಲಿ ಹೋಯ್ತು?”

ಹುಡುಗಿಯರೆಲ್ಲ ಬೆಂಚು ನೋಡತೊಡಗಿದರು. ಮತ್ತೆ ಕೇಳಿದರು. ನಿಮ್ಮಮ್ಮನ ಮುಖ ಬಿಳಿಚಿತು. ಆ ಮುಖ ನೋಡಲಾರದೆ ನನ್ನ ಬಾಯಿ ತಾನಾಗಿ ಬಿಚ್ಚಿತು.

“ನಾನೇ ಸಾ, ಕೊಸರು ಆಕ್ದೆ.”

“ಹಾಗಾದ್ರೆ ಅಷ್ಟೂ ನಷ್ಟ ಅನ್ನಿ” ಎಂದರು ಅವರು.

“ನಷ್ಟ ಎಂಗಾದದು ಸಾ?” ಮಂಗಳ ಎದ್ದು ನಿಂತಿದ್ದಳು! “ಕೊಸರು ಆಕ್ನಿಲ್ಲ ಅಂದ್ರೆ ನಾಳೆ ಯಾವನು ಬತ್ತಾನೆ? ಅದು ಜಾಹೀರಾತಿನ ಖರ್ಚು!”

ಹಿಂದಿನ ಬೆಂಚಿನಿಂದ ಅವಳ ಗೆಳತಿ ಶೋಭ ಕೂಗಿದಳು, “ಓಹೋ! ನಿಮ್ಮಣ್ಣ ಬಂದಾಗ ಎರಡೆರಡು ಹಿಡಿ ಆಕುಸ್ದಲ್ಲ, ಅದೂ ಜಾಹೀರಾತಾ? ಅದು ಡ್ರಾಯಿಂಗ್ಸು ಕಣೇ!” ಡ್ರಾಯಿಂಗ್ಸ್ ಎಂದರೆ ಯಜಮಾನ ಸ್ವಂತಕ್ಕೆ ಅಂಗಡಿಯಿಂದ ತೆಗೆದುಕೊಂಡದ್ದಂತೆ.

“ನಮ್ಮಣ್ಣ ದುಡ್ ಕೊಟ್ಟವ್ನೆ ಕಣೇ!”

“ಕೊಸರಿಗೂ ಕೊಟ್ನಾ?”

ಆಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಖರ್ಚು ಎಂದೊಂದು ಗುಂಪು, ಅಲ್ಲ, ಅಳತೆಯನ್ನೇ ಸ್ವಲ್ಪ ಕಿರಿದು ಮಾಡಬೇಕಿತ್ತು ಎಂದು ಇನ್ನೊಂದು ಗುಂಪು. ಒಬ್ಬೊಬ್ಬಳೂ ಬೋರ್ಡಿಗೆ ಓಡಿ ಬರೆದದ್ದೇ ಬರೆದದ್ದು, ಯಾಕೆ ಎಂದು ಬಿಡಿಸಿ ಹೇಳಿದ್ದೇ ಹೇಳಿದ್ದು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಪ್ರೊಫೆಸರು ಕಡಲೆಕಾಯಿ ಬಿಡಿಸಿ ತಿನ್ನುತ್ತಾ ನಿಂತೇ ಕೇಳಿದರು. ಹೊರಡುವಾಗ ನಿಮ್ಮಮ್ಮನಿಗೆ, “ಇದನ್ನೇ ಬರೀರಿ” ಎಂದರು. ನನ್ನ ಮುಂದೆ ಬಂದು, “ಅಮ್ಮಾ, ನನಗೆ ಕೊಸರು?” ಎಂದು ಕರ್ಚೀಪು ಒಡ್ಡಿದರು.

ಅಂದಿನಿಂದ ನಾನು ಕಾಲೇಜಿಗೆಲ್ಲ ಬನ್ನೂರಜ್ಜಿ. ಬೆಲ್ ಹೊಡೆದರೆ ಬಾಗಿಲು ತೆಗೆಯುವವಳೂ ನಾನೇ.

ಈಗ ಬನ್ನೂರಿನ ಬಸ್ಸಿಳಿದು ಊರಿಗೆ ಹೋದರೆ, “ನಂಜನಗೂಡಮ್ಮ ಬಂದ್ರು” ಎನ್ನುತ್ತಾರೆ. ಅಲ್ಲಿ ಯಾರಾದರೂ ಕೊಸರು ಹಾಕಿದರೆ ಇದು ಖರ್ಚೋ, ಡ್ರಾಯಿಂಗ್ಸೋ ಎಂದು ಯೋಚನೆ ಬಂದು ಒಳಗೇ ನಗುತ್ತೇನೆ. ಇಲ್ಲಿ ಅಳೆಯಲು ಕುಳಿತರೆ ಕೈ ತಾನಾಗಿ ಮೇಲೊಂದು ಹಿಡಿ ಸುರಿಯುತ್ತದೆ. ಎರಡೂ ಕಡೆ ನಾನು ಸ್ವಲ್ಪ ಹೊರಗಿನವಳೇ. ಅಂಥ ಬೇಸರವೇನಿಲ್ಲ, ಎರಡು ಕಡೆಯೂ ಕರೆಯುವವರಿದ್ದಾರೆ.

ನಿಮ್ಮಮ್ಮನ ಸಂಶೋಧನೆಯ ಪುಸ್ತಕ, ಗಟ್ಟಿ ರಟ್ಟಿನದು, ಬೀರುವಿನಲ್ಲಿದೆ. ಅದರಲ್ಲಿ ನನ್ನ ಹೆಸರಿಲ್ಲ, ಇರಬೇಕೆಂದೇನೂ ಇಲ್ಲ. ನಾನು ಬರೆದ ಈ ಹಾಳೆಗಳನ್ನು ಅದರ ಮೇಲೇ ಇಟ್ಟು ಜೋಪಾನ ಮಾಡಿ ಮಕ್ಕಳೇ. ಕೊಸರು ಎಂದುಕೊಳ್ಳಿ.